ಮನಸ್ಸಿನ ಕಾಯಿಲೆಗೂ ಡಿಸಬಿಲಿಟಿ ಸೌಲಭ್ಯ ಉಂಟು: ಅರ್ಜಿ ಹಾಕುವವರಿಗೆ ಒಂದಿಷ್ಟು ಮಾಹಿತಿ



ನಮ್ಮ ಕೂಟದ ಯಾವ ಸಮಾರಂಭಕ್ಕೆ ಹೋದರೂ ಊಟದ ಸಾಲಿನಲ್ಲಿ ನಿಂತವರು ತಮ್ಮ ಮಂಡಿ ಆಪರೇಷನ್, ಸಕ್ಕರೆ ಕಾಯಿಲೆ, ಹೃದಯಕ್ಕೆ ಹಾಕಿಸಿದ ಸ್ಟೆಂಟ್ ಬಗ್ಗೆ ಧಾರಾಳವಾಗಿ ಮಾತಾಡುತ್ತಾರೆ. ಇನ್ಶೂರೆನ್ಸಿನವರು ಎಷ್ಟು ಕೊಟ್ಟರು ಎನ್ನುವ ಲೆಕ್ಕವೂ ಸಿಗುತ್ತದೆ. ಮನಸ್ಸಿನ ಕಾಯಿಲೆಯ ವಿಷಯ ಮಾತ್ರ ಹಾಗಲ್ಲ. ಅದು ಬರುವುದು ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಬಾಗಿಲು ತೆಗೆಯುವ ಹೊತ್ತಿಗೆ, ಮೆಲುದನಿಯಲ್ಲಿ. "ನಿಮ್ಮ ತಮ್ಮನಿಗೆ ಏನೋ ಗವರ್ನಮೆಂಟಿಂದ ಬರುತ್ತಂತಲ್ಲ, ಅದು ಹೇಗೆ?"

ಹೀಗೆ ಕೇಳಿದವರು ಈಗ ಒಬ್ಬಿಬ್ಬರಲ್ಲ. ಒಬ್ಬೊಬ್ಬರಿಗೂ ಅರ್ಧ ಹೇಳಿ ಅರ್ಧ ಬಿಡುವುದಕ್ಕಿಂತ ಎಲ್ಲವನ್ನೂ ಒಂದು ಕಡೆ ಬರೆದರೆ ಉಪಯೋಗವಾದೀತು ಎನಿಸಿತು. ತಮ್ಮನನ್ನು ಕೇಳಿದೆ. "ಬರಿ ಅಕ್ಕ, ನನ್ನ ಹೆಸರು ಮಾತ್ರ ಬೇಡ" ಅಂದ. ನಾನು ವಕೀಲಳಲ್ಲ, ವೈದ್ಯಳೂ ಅಲ್ಲ. ಅವನ ಅರ್ಜಿಯ ಜೊತೆ ಎರಡು ವರ್ಷ ಓಡಾಡಿ, ಆಮೇಲೆ ನಮ್ಮವರದೇ ಕೆಲವು ಮನೆಗಳಿಗೆ ಫಾರಂ ತುಂಬಲು ನೆರವಾದವಳು, ಅಷ್ಟೆ. ಇಲ್ಲಿ ಹೇಳುವುದು ಅಮೆರಿಕಾದ ವ್ಯವಸ್ಥೆಯ ಬಗ್ಗೆ. ಡಾಲರ್ ಮೊತ್ತಗಳು ಪ್ರತಿ ವರ್ಷ ಬದಲಾಗುವುದರಿಂದ 2025ರ ಅಂಕಿಗಳನ್ನು ಕೊಟ್ಟಿದ್ದೇನೆ. ಅರ್ಜಿ ಹಾಕುವ ವರ್ಷದ ಅಂಕಿಯನ್ನು ನೀವು ನೋಡಿಕೊಳ್ಳಿ.

ಮೊದಲೇ ಒಂದು ಮಾತು. ಈ ಅರ್ಜಿ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಕಾಯಿಲೆಯಿಂದಾಗಿ ಈ ವ್ಯಕ್ತಿ ದಿನನಿತ್ಯ ಏನು ಮಾಡಲಾರದೆ ಹೋಗಿದ್ದಾರೆ? ನಮ್ಮ ಮನೆಗಳಲ್ಲಿ ನಾವು ಮುಚ್ಚಿಡುವುದೂ ಸರಿಯಾಗಿ ಅದನ್ನೇ. ಮುಚ್ಚಿಟ್ಟಿದ್ದು ಫೈಲಿನಲ್ಲಿ ಇರುವುದಿಲ್ಲ. ಫೈಲಿನಲ್ಲಿ ಇಲ್ಲದ್ದನ್ನು ನೋಡಿ ಯಾರೂ ತೀರ್ಮಾನ ಕೊಡಲಾರರು.

ಪೇ ಸ್ಲಿಪ್ಪಿನ ಆ ಒಂದು ಸಾಲು

"ಸರ್ಕಾರದ ಮುಂದೆ ಕೈಚಾಚುವುದೇ?" ಎಂದು ಬಹಳ ಜನ ಹಿಂಜರಿಯುತ್ತಾರೆ. ನಿಮ್ಮ ಪೇ ಸ್ಲಿಪ್ ತೆಗೆದು ನೋಡಿ. ಫೈಕಾ ಅಥವಾ ಓಎಎಸ್‌ಡಿಐ ಎಂಬ ಸಾಲು ಇರುತ್ತದೆ. ಆ 'ಡಿ' ಅಕ್ಷರ ಡಿಸಬಿಲಿಟಿಯದು, 'ಐ' ಇನ್ಶೂರೆನ್ಸಿನದು. ಸೋಶಿಯಲ್ ಸೆಕ್ಯೂರಿಟಿಗೆಂದು ನಿಮ್ಮ ಸಂಬಳದಿಂದ ಮುರಿಯುವ ಶೇ. 6.2ರಲ್ಲಿ ಶೇ. 0.9 ಡಿಸಬಿಲಿಟಿ ನಿಧಿಗೆ ಹೋಗುತ್ತದೆ. ಕಂಪನಿಯೂ ಅಷ್ಟೇ ಹಾಕುತ್ತದೆ. ಇದು 1956ರಿಂದ ನಡೆದು ಬಂದಿರುವ ವಿಮೆ. ಕಾರಿಗೆ ಪೆಟ್ಟಾದಾಗ ಕ್ಲೇಮ್ ಮಾಡಲು ನಾಚಿಕೆ ಇಲ್ಲದಿದ್ದರೆ ಇದಕ್ಕೂ ಬೇಡ.

ಎರಡು ಯೋಜನೆಗಳು, ಎರಡು ಲೆಕ್ಕ

ಎರಡನ್ನೂ ನಡೆಸುವುದು ಸೋಶಿಯಲ್ ಸೆಕ್ಯೂರಿಟಿ ಆಡಳಿತವೇ (ಎಸ್‌ಎಸ್‌ಎ). ಹೆಸರುಗಳೂ ಹತ್ತಿರ ಹತ್ತಿರ. ಹಾಗಾಗಿ ಗೊಂದಲ ಸಹಜ.

ಮೊದಲನೆಯದು ಎಸ್‌ಎಸ್‌ಡಿಐ. ಇದು ದುಡಿದವರ ವಿಮೆ. ವರ್ಷಕ್ಕೆ ಹೆಚ್ಚೆಂದರೆ 4 ಕ್ರೆಡಿಟ್ ಸಿಗುತ್ತವೆ. 2025ರಲ್ಲಿ 1,810 ಡಾಲರ್ ದುಡಿದರೆ 1 ಕ್ರೆಡಿಟ್. 31 ವರ್ಷ ದಾಟಿದವರಿಗೆ ಸಾಮಾನ್ಯವಾಗಿ ಕಾಯಿಲೆ ಬೀಳುವ ಮುಂಚಿನ 10 ವರ್ಷಗಳಲ್ಲಿ 20 ಕ್ರೆಡಿಟ್, ಅಂದರೆ 5 ವರ್ಷದ ದುಡಿಮೆ ಇರಬೇಕು. ವಯಸ್ಸು ಹೆಚ್ಚಿದಂತೆ ಒಟ್ಟು ಕ್ರೆಡಿಟ್ ಕೂಡ ಹೆಚ್ಚು ಬೇಕು. ಚಿಕ್ಕ ವಯಸ್ಸಿನವರಿಗೆ ಕಡಿಮೆ ಸಾಕು. ಬ್ಯಾಂಕಿನಲ್ಲಿ ಎಷ್ಟಿದೆ, ಮನೆ ಇದೆಯೇ, ಹೆಂಡತಿಯ ಸಂಬಳ ಎಷ್ಟು ಎಂದು ಇಲ್ಲಿ ನೋಡುವುದಿಲ್ಲ. ಎಷ್ಟು ಹಣ ಬರುತ್ತದೆ ಎನ್ನುವುದು ನಿಮ್ಮ ಹಿಂದಿನ ಗಳಿಕೆಯ ಮೇಲೆ ನಿಂತಿದೆ. 18ರೊಳಗಿನ ಮಕ್ಕಳಿದ್ದರೆ ಅವರಿಗೂ, ಕುಟುಂಬದ ಗರಿಷ್ಠ ಮಿತಿಯೊಳಗೆ, ಸ್ವಲ್ಪ ಬರುತ್ತದೆ.

ಎರಡನೆಯದು ಎಸ್‌ಎಸ್‌ಐ. 1974ರ ಜನವರಿಯಲ್ಲಿ ಶುರುವಾದದ್ದು. ಇದು ಬಡವರಿಗೆ ಕೊಡುವ ಸಹಾಯ. ದುಡಿಮೆಯ ಕ್ರೆಡಿಟ್ ಬೇಡ, ಆದರೆ ಒಬ್ಬಂಟಿಯ ಹೆಸರಿನಲ್ಲಿ 2,000 ಡಾಲರಿಗಿಂತ ಹೆಚ್ಚು ಆಸ್ತಿ ಇರಬಾರದು (ವಾಸದ ಮನೆ, ಒಂದು ಕಾರು ಇದರಲ್ಲಿ ಸೇರುವುದಿಲ್ಲ). 2025ರಲ್ಲಿ ಒಬ್ಬರಿಗೆ ತಿಂಗಳಿಗೆ ಹೆಚ್ಚೆಂದರೆ 967 ಡಾಲರ್; ಕೆಲವು ರಾಜ್ಯಗಳು ಸ್ವಲ್ಪ ಸೇರಿಸುತ್ತವೆ.

ಎರಡಕ್ಕೂ ವೈದ್ಯಕೀಯ ನಿಯಮ ಒಂದೇ. ಕಾಯಿಲೆ ಕನಿಷ್ಠ 12 ತಿಂಗಳು ಇದ್ದಿರಬೇಕು ಅಥವಾ ಇರುವಂತೆ ತೋರಬೇಕು, ಮತ್ತು ಅದರಿಂದಾಗಿ ಗಣನೀಯ ದುಡಿಮೆ ಸಾಧ್ಯವಾಗಬಾರದು. 2025ರಲ್ಲಿ ಆ ಗೆರೆ ತಿಂಗಳಿಗೆ 1,620 ಡಾಲರ್. ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಅರ್ಧ ಅಂಗವೈಕಲ್ಯಕ್ಕೆ ಅರ್ಧ ಹಣ ಎಂಬ ಲೆಕ್ಕ ಇಲ್ಲಿಲ್ಲ.

ವೀಸಾ, ಗ್ರೀನ್ ಕಾರ್ಡ್ ಇರುವವರ ಪ್ರಶ್ನೆ

ನಮ್ಮವರು ಮೊದಲು ಕೇಳುವುದೇ ಇದನ್ನು. ಎಸ್‌ಎಸ್‌ಡಿಐಗೆ ನಾಗರಿಕತ್ವ ಕಡ್ಡಾಯವಲ್ಲ. ಎಚ್-1ಬಿಯಲ್ಲಿ ದುಡಿದ ವರ್ಷಗಳಿಗೂ ಫೈಕಾ ಕಡಿತ ಆಗಿರುತ್ತದೆ, ಕ್ರೆಡಿಟ್ ಬಂದಿರುತ್ತದೆ. ಆದರೆ ಹಣ ಬರಬೇಕಾದರೆ ಈ ದೇಶದಲ್ಲಿ ಕಾನೂನುಬದ್ಧವಾಗಿ ಇರಬೇಕು. ಎಚ್-1ಬಿಯವರಿಗೆ ಕೆಲಸ ಹೋದರೆ ಸ್ಟೇಟಸ್ಸೇ ಹೋಗುವ ಭಯ. ಆದ್ದರಿಂದ ಕಾಯಿಲೆ ಕಾಣಿಸಿಕೊಂಡ ಗಾಬರಿಯಲ್ಲಿ ರಾಜೀನಾಮೆ ಕೊಡಬೇಡಿ. 1993ರ ಎಫ್‌ಎಂಎಲ್‌ಎ ಕಾಯಿದೆಯಂತೆ 50 ಅಥವಾ ಹೆಚ್ಚು ನೌಕರರಿರುವ ಕಂಪನಿಯಲ್ಲಿ ಒಂದು ವರ್ಷ, 1,250 ಗಂಟೆ ದುಡಿದವರು 12 ವಾರ ಸಂಬಳವಿಲ್ಲದ ರಜೆ ಕೇಳಬಹುದು. ಮನಸ್ಸಿನ ಕಾಯಿಲೆಗೂ ಇದು ಅನ್ವಯ. ಕಂಪನಿಯ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಡಿಸಬಿಲಿಟಿ ಪಾಲಿಸಿ ಇದೆಯೇ ಎಂದೂ ನೋಡಿ. ಹಲವು ಗ್ರೂಪ್ ಪಾಲಿಸಿಗಳು ಮನಸ್ಸಿನ ಕಾಯಿಲೆಗೆ 24 ತಿಂಗಳಿಗಷ್ಟೇ ಕೊಡುತ್ತವೆ, ಸಣ್ಣಕ್ಷರ ಓದಿ.

ಎಫ್-1ನಲ್ಲಿ ಓದಿ ಒಪಿಟಿಯಲ್ಲಿ ದುಡಿದ ವರ್ಷಗಳಿಗೆ ಸಾಮಾನ್ಯವಾಗಿ ಫೈಕಾ ಕಡಿತ ಇರುವುದಿಲ್ಲ. ಆಗ ಕ್ರೆಡಿಟ್ಟೂ ಇಲ್ಲ. ಎಚ್-4ರಲ್ಲಿ ಮನೆಯಲ್ಲೇ ಇದ್ದ ಹೆಣ್ಣುಮಕ್ಕಳಿಗೂ ಸ್ವಂತ ಕ್ರೆಡಿಟ್ ಇರುವುದಿಲ್ಲ.

ಎಸ್‌ಎಸ್‌ಐ ವಿಷಯದಲ್ಲಿ 1996ರ ಆಗಸ್ಟ್ ನಂತರ ನಿಯಮ ಬಿಗಿಯಾಗಿದೆ. ಗ್ರೀನ್ ಕಾರ್ಡಿನವರಿಗೆ ಸಾಮಾನ್ಯವಾಗಿ 40 ತ್ರೈಮಾಸಿಕಗಳ ದುಡಿಮೆಯೂ ಬೇಕು, 5 ವರ್ಷ ಕಳೆದಿರಲೂ ಬೇಕು. ಮದುವೆಯಾದ ಮೇಲೆ ಗಂಡ ಅಥವಾ ಹೆಂಡತಿ ದುಡಿದ ತ್ರೈಮಾಸಿಕಗಳನ್ನೂ, 18ರೊಳಗೆ ಇದ್ದಾಗ ಅಪ್ಪ ಅಮ್ಮ ದುಡಿದದ್ದನ್ನೂ ಇದಕ್ಕೆ ಸೇರಿಸಿಕೊಳ್ಳಬಹುದು. ಇದು ಗೊತ್ತಿಲ್ಲದೆ ಕೈಬಿಟ್ಟವರಿದ್ದಾರೆ. ಇನ್ನೊಂದು ಎಚ್ಚರಿಕೆ: ಎಸ್‌ಎಸ್‌ಐ ನಗದು ಸಹಾಯವಾದ್ದರಿಂದ ಇಮಿಗ್ರೇಷನ್ ಅರ್ಜಿ ಬಾಕಿ ಇರುವವರು ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ.

ಕಾಲೇಜಿನಲ್ಲೇ ಕಾಯಿಲೆ ಬಿದ್ದ ಮಕ್ಕಳು

ಸ್ಕಿಜೋಫ್ರೀನಿಯಾ, ಬೈಪೋಲಾರ್‌ನಂತಹ ಕಾಯಿಲೆಗಳು ಬಹಳ ಸಲ ತಲೆ ಎತ್ತುವುದು ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ಮಗ ಡಾರ್ಮಿನಿಂದ ವಾಪಸ್ ಬಂದು ಕೋಣೆ ಸೇರಿದ್ದಾನೆ, ದುಡಿದದ್ದೇ ಇಲ್ಲ, ಕ್ರೆಡಿಟ್ ಎಲ್ಲಿಂದ? ಇವರಿಗೆಂದೇ ಒಂದು ದಾರಿ ಇದೆ. ಅಂಗವೈಕಲ್ಯ 22 ವರ್ಷ ತುಂಬುವ ಮುಂಚೆ ಶುರುವಾಗಿದ್ದರೆ, ಅಪ್ಪ ಅಥವಾ ಅಮ್ಮ ನಿವೃತ್ತಿ ಸೌಲಭ್ಯ ಪಡೆಯಲು ಶುರು ಮಾಡಿದಾಗ, ಅಂಗವಿಕಲರಾದಾಗ ಅಥವಾ ತೀರಿಕೊಂಡಾಗ, ಅವರ ಖಾತೆಯ ಮೇಲೆ ಮಗನಿಗೋ ಮಗಳಿಗೋ ಎಸ್‌ಎಸ್‌ಡಿಐ ಬರುತ್ತದೆ. ಹೆತ್ತವರು ಬದುಕಿರುವಾಗ ಅವರ ಮೂಲ ಮೊತ್ತದ ಅರ್ಧದವರೆಗೆ, ತೀರಿಕೊಂಡ ಮೇಲೆ ಮುಕ್ಕಾಲರವರೆಗೆ. "ನಾವು ಹೋದ ಮೇಲೆ ಇವನ ಗತಿ ಏನು?" ಎಂದು ರಾತ್ರಿ ನಿದ್ದೆಗೆಡುವ ತಂದೆ ತಾಯಿಗಳು ಇದನ್ನು ಎರಡು ಸಲ ಓದಿಕೊಳ್ಳಿ.

ಇದರಲ್ಲಿ ಎರಡು ಗಂಟುಗಳಿವೆ. ಒಂದು, 22ಕ್ಕೆ ಮುಂಚೆಯೇ ಶುರುವಾಗಿತ್ತು ಎನ್ನಲು ಆಗಿನ ಕಾಲದ ದಾಖಲೆ ಬೇಕು. ಕಾಲೇಜಿನ ಕೌನ್ಸೆಲಿಂಗ್ ಸೆಂಟರಿನ ಕಾಗದ, ಮೆಡಿಕಲ್ ಲೀವ್ ಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಏನಿದ್ದರೂ ಎಸೆಯಬೇಡಿ. ಎರಡು, ಮದುವೆ. "ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು" ಎಂಬ ಗಾದೆ ನಮ್ಮಲ್ಲಿದೆ; ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಊರಿನಿಂದ ಸಲಹೆಯೂ ಬರುತ್ತದೆ. ಈ ಸೌಲಭ್ಯ ಪಡೆಯುವವರು ಮದುವೆಯಾದರೆ, ಕೆಲವು ವಿನಾಯಿತಿ ಬಿಟ್ಟು, ಅದು ನಿಂತುಹೋಗುತ್ತದೆ. ಹುಡುಗಿಯ ಬಾಳಿನ ಪ್ರಶ್ನೆ ಬೇರೆಯೇ ಇದೆ. ಅದರ ಜೊತೆ ಇದೂ ತಿಳಿದಿರಲಿ.

ರೋಗದ ಹೆಸರು ಸಾಲದು

ಅರ್ಜಿಯನ್ನು ಎಸ್‌ಎಸ್‌ಎ ತೆಗೆದುಕೊಂಡರೂ ವೈದ್ಯಕೀಯ ತೀರ್ಮಾನ ಮಾಡುವುದು ನಿಮ್ಮ ರಾಜ್ಯದ ಡಿಡಿಎಸ್ ಎಂಬ ಕಚೇರಿ. ಅವರ ಮುಂದೆ ಕಾಯಿಲೆಗಳ ಒಂದು ಪಟ್ಟಿ ಇರುತ್ತದೆ. ಮನಸ್ಸಿನ ಕಾಯಿಲೆಗಳದು ಅದರ 12ನೇ ಭಾಗ. ಸ್ಕಿಜೋಫ್ರೀನಿಯಾ, ಖಿನ್ನತೆ, ಬೈಪೋಲಾರ್, ಆತಂಕ, ಗೀಳು ಕಾಯಿಲೆ, ಆಘಾತದ ನಂತರದ ತೊಂದರೆ ಎಲ್ಲವೂ ಅದರಲ್ಲಿವೆ. ಈ ಭಾಗವನ್ನು 2017ರ ಜನವರಿಯಲ್ಲಿ ಪರಿಷ್ಕರಿಸಿದರು. ರೋಗದ ಲಕ್ಷಣಗಳ ದಾಖಲೆಯ ಜೊತೆಗೆ ನಾಲ್ಕು ವಿಷಯ ನೋಡುತ್ತಾರೆ:

1. ಹೇಳಿದ್ದನ್ನು ಅರ್ಥ ಮಾಡಿಕೊಂಡು, ನೆನಪಿಟ್ಟು, ಬಳಸುವುದು.
2. ಇತರರೊಡನೆ ವ್ಯವಹರಿಸುವುದು.
3. ಗಮನವಿಟ್ಟು, ಬಿಡದೆ, ತಕ್ಕ ವೇಗದಲ್ಲಿ ಕೆಲಸ ಮಾಡುವುದು.
4. ಬದಲಾವಣೆಗೆ ಹೊಂದಿಕೊಳ್ಳುವುದು, ತನ್ನನ್ನು ತಾನು ನೋಡಿಕೊಳ್ಳುವುದು.

ಇವುಗಳಲ್ಲಿ ಒಂದರಲ್ಲಿ ಅತಿ ತೀವ್ರ ಅಥವಾ ಎರಡರಲ್ಲಿ ತೀವ್ರ ಕೊರತೆ ಇರಬೇಕು. ಅಷ್ಟಿಲ್ಲದಿದ್ದರೂ, ಕಾಯಿಲೆ ಎರಡು ವರ್ಷಕ್ಕೂ ಮೀರಿ ದಾಖಲಾಗಿದ್ದು, ಚಿಕಿತ್ಸೆ ಅಥವಾ ಮನೆಯವರ ಆಸರೆಯಿಂದ ಮಾತ್ರ ನಿಂತಿದ್ದು, ಸ್ವಲ್ಪ ಏರುಪೇರಾದರೂ ಕುಸಿಯುವ ಸ್ಥಿತಿ ಇದ್ದರೆ ಅದಕ್ಕೂ ಅವಕಾಶವಿದೆ. ಪಟ್ಟಿಗೆ ಹೊಂದದಿದ್ದರೆ ಅಲ್ಲಿಗೆ ಮುಗಿಯುವುದಿಲ್ಲ. ಹಿಂದಿನ ಕೆಲಸ ಅಥವಾ ಬೇರೆ ಯಾವುದಾದರೂ ಕೆಲಸ ಮಾಡಬಲ್ಲರೇ ಎಂದು ವಯಸ್ಸು, ಓದು, ಅನುಭವ ಹಿಡಿದು ನೋಡುತ್ತಾರೆ. 2024ರ ಜೂನ್‌ನಿಂದ ಹಿಂದಿನ 5 ವರ್ಷದ ಕೆಲಸಗಳನ್ನಷ್ಟೇ ಬರೆದರೆ ಸಾಕು. ಅದಕ್ಕೆ ಮುಂಚೆ 15 ವರ್ಷದ್ದು ಕೇಳುತ್ತಿದ್ದರು.

ಅಂದ ಹಾಗೆ, ನಮ್ಮ ದೇಶದಲ್ಲೂ ಇದೇ ದೃಷ್ಟಿ ಇದೆ. 1995ರ ಅಂಗವಿಕಲರ ಕಾಯಿದೆಯಲ್ಲೂ 2016ರ ಕಾಯಿದೆಯಲ್ಲೂ ಮನೋರೋಗ ಸೇರಿದೆ. ಅಲ್ಲಿ ಬಳಸುವ 'ಐಡಿಯಾಸ್' ಎಂಬ ಅಳತೆಗೋಲು ಕೂಡ ಸ್ವಂತ ಆರೈಕೆ, ಜನರೊಡನೆ ಬೆರೆಯುವುದು, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕನ್ನೇ ಅಳೆಯುತ್ತದೆ.

ಫಾರಂ ತುಂಬುವಾಗ: 'ಹೌದು, ಆದರೆ...'

ಅರ್ಜಿಯನ್ನು ಆನ್‌ಲೈನಿನಲ್ಲೋ, 1-800-772-1213ಕ್ಕೆ ಫೋನ್ ಮಾಡಿಯೋ, ಹತ್ತಿರದ ಕಚೇರಿಯಲ್ಲೋ ಹಾಕಬಹುದು. ಇಂಗ್ಲಿಷ್ ಕಷ್ಟವಾದವರಿಗೆ ದುಭಾಷಿಯನ್ನು ಅವರೇ ಉಚಿತವಾಗಿ ಒದಗಿಸುತ್ತಾರೆ, ಕೇಳಿ. ಅರ್ಜಿಯ ಜೊತೆ ಬರುವ ಕಾಗದಗಳಲ್ಲಿ ಎರಡು ಮುಖ್ಯ. ಎಸ್‌ಎಸ್‌ಎ-3373 ಕಾಯಿಲೆಯವರು ತಮ್ಮ ದಿನಚರಿಯ ಬಗ್ಗೆ ತುಂಬುವುದು. ಎಸ್‌ಎಸ್‌ಎ-3380 ಅವರನ್ನು ಬಲ್ಲ ಇನ್ನೊಬ್ಬರು ತುಂಬುವುದು. ನಮ್ಮನೆಯಲ್ಲಿ ಎರಡನೆಯದನ್ನು ನಾನು ತುಂಬಿದೆ.

ನನ್ನ ತಮ್ಮ 1999ರಲ್ಲಿ ವೈ2ಕೆ ಗದ್ದಲದಲ್ಲಿ ಇಲ್ಲಿಗೆ ಬಂದವನು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಹದಿನೈದು ವರ್ಷ ದುಡಿದ. 2015ರ ಸೆಪ್ಟೆಂಬರ್ ಮಧ್ಯದಲ್ಲಿ ಬೈಪೋಲಾರ್ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದ ಮೇಲೆ ಮತ್ತೆ ಆ ಕೆಲಸಕ್ಕೆ ಹೋಗಲಾಗಲಿಲ್ಲ. ಫಾರಂನಲ್ಲಿ ಅವನು ಬರೆದದ್ದು: ಅಡುಗೆ ಮಾಡುತ್ತೀರಾ, ಹೌದು. ಅಂಗಡಿಗೆ ಹೋಗುತ್ತೀರಾ, ಹೌದು. ಹಣ ನೋಡಿಕೊಳ್ಳುತ್ತೀರಾ, ಹೌದು. ಯಾವುದೂ ಸುಳ್ಳಲ್ಲ. ಮರ್ಯಾದಸ್ಥ ಮನುಷ್ಯ ಬರೆಯುವುದೇ ಹಾಗೆ. ನಾನು ನನ್ನ ಫಾರಂನಲ್ಲಿ ಆ 'ಹೌದು'ಗಳ ಹಿಂದೆ ಏನಿದೆ ಎಂದು ಬರೆದೆ.

ಅಡುಗೆ: ಉಪ್ಪಿಟ್ಟು ಮಾಡುತ್ತಾನೆ. ರವೆ, ನೀರು ಅಳೆದಿಟ್ಟು ನಾನು ಪಕ್ಕದಲ್ಲಿ ನಿಂತಿರಬೇಕು. ಎರಡು ಸಲ ಒಲೆ ಉರಿಯುತ್ತಿರುವಂತೆಯೇ ಬಿಟ್ಟು ಹೋಗಿದ್ದಾನೆ.
ಅಂಗಡಿ: ವಾರದ ಮಧ್ಯೆ ಬೆಳಿಗ್ಗೆ, ಜನ ಕಡಿಮೆ ಇರುವಾಗ, ನನ್ನ ಜೊತೆ. ಸಾಲು ಉದ್ದವಿದ್ದರೆ ಗಾಡಿ ಅಲ್ಲೇ ಬಿಟ್ಟು ಕಾರಿಗೆ ವಾಪಸ್.
ಸ್ನಾನ: ನೆನಪಿಸಬೇಕು. ಕೆಟ್ಟ ವಾರಗಳಲ್ಲಿ ನಾಲ್ಕೈದು ದಿನ ಆಗುವುದಿಲ್ಲ.
ಹಣ: ಉತ್ಸಾಹ ಏರಿದ ಒಂದು ವಾರದಲ್ಲಿ ಕ್ರೆಡಿಟ್ ಕಾರ್ಡಿನ ಮಿತಿ ಮುಗಿಸಿದ್ದ. ಈಗ ಕಾರ್ಡು ಅವನ ಭಾವನ ಹತ್ತಿರ ಇರುತ್ತದೆ.
ಮಾತ್ರೆ: ವಾರದ ಡಬ್ಬಿಗೆ ನಾನು ಹಾಕಿಡುತ್ತೇನೆ, ತೆಗೆದುಕೊಂಡನೇ ಎಂದು ರಾತ್ರಿ ನೋಡುತ್ತೇನೆ. ಮಾತ್ರೆಯಿಂದ ಮಧ್ಯಾಹ್ನದವರೆಗೆ ಮಂಪರು, ಕೈ ನಡುಕ.

ಇದನ್ನು ಬರೆಯುವಾಗ ಕರುಳು ಹಿಂಡಿದಂತಾಯಿತು. ಒಡಹುಟ್ಟಿದವನ ಕುಂದುಗಳನ್ನು ಪಟ್ಟಿ ಮಾಡುವುದು ನಮ್ಮ ಸಂಸ್ಕಾರದಲ್ಲಿಲ್ಲ. ಬರೆದದ್ದನ್ನು ಅವನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟೆಲ್ಲಾ ಮಾಡ್ತಿದ್ದೀಯಾ?" ಅಂದ.

ನಮ್ಮ ಕೂಡುಕುಟುಂಬದ ರೂಢಿ ಹೀಗೆಯೇ. ಕಾಯಿಲೆಯವರು ಬೀಳುವ ಮುಂಚೆಯೇ ನಾಲ್ಕು ಕೈ ಹಿಡಿದುಕೊಂಡಿರುತ್ತವೆ. ಒಳ್ಳೆಯದೇ. ಆದರೆ ದೂರದಿಂದ ನೋಡುವ ಅಧಿಕಾರಿಗೆ ಕಾಣುವುದು ಶುಭ್ರ ಬಟ್ಟೆ ತೊಟ್ಟು, ಹೊಟ್ಟೆ ತುಂಬಿ, ಸರಿಯಾಗಿ ಮಾತ್ರೆ ನುಂಗುವ ಮನುಷ್ಯ. ಆ ಕೈಗಳು ಎಷ್ಟಿವೆ, ದಿನಕ್ಕೆ ಎಷ್ಟು ಹೊತ್ತು ಹಿಡಿದಿರುತ್ತವೆ ಎಂದು ನೀವೇ ಬರೆಯಬೇಕು. ನಿಯಮದ ಪ್ರಕಾರ ಆ ಆಸರೆಯನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಳ್ಳೆಯ ದಿನವನ್ನೂ ಬರೆಯಿರಿ, ಕೆಟ್ಟ ದಿನವನ್ನೂ ಬರೆಯಿರಿ, ತಿಂಗಳಿಗೆ ಯಾವುದು ಎಷ್ಟು ಎಂದೂ ಬರೆಯಿರಿ. ಒಂದು ಅಕ್ಷರವೂ ಉತ್ಪ್ರೇಕ್ಷೆ ಬೇಡ. ನಿಮ್ಮ ಫಾರಂಗೂ ವೈದ್ಯರ ಟಿಪ್ಪಣಿಗೂ ತಾಳೆಯಾಗದಿದ್ದರೆ ನಂಬಿಕೆ ಹೋಗುತ್ತದೆ.

ವೈದ್ಯರ ಫೈಲು ಮೊದಲೇ ಬೆಳೆಯಬೇಕು

ಚಿಕಿತ್ಸೆಯನ್ನೇ ಪಡೆಯದವರ ಅರ್ಜಿ ಬಹಳ ಕಷ್ಟ. "ಯಾರಿಗಾದರೂ ಗೊತ್ತಾದರೆ?" ಎಂದು ಮನೋವೈದ್ಯರ ಬದಲು ಪರಿಚಯದ ಡಾಕ್ಟರ ಹತ್ತಿರ ನಿದ್ದೆ ಮಾತ್ರೆ ಬರೆಸಿಕೊಂಡು ವರ್ಷ ಕಳೆದವರಿದ್ದಾರೆ. ಆ ವರ್ಷಗಳಿಗೆ ಫೈಲಿನಲ್ಲಿ ಪುಟವೇ ಇರುವುದಿಲ್ಲ. ಮನೋವೈದ್ಯರ ಬಳಿ ನಿಯಮಿತವಾಗಿ ಹೋಗಿ. ಹೋದಾಗ "ಹೇಗಿದ್ದೀರಿ?" ಎಂದರೆ "ಫೈನ್" ಅಂದು ಬರಬೇಡಿ, ಅದೂ ಟಿಪ್ಪಣಿಯಲ್ಲಿ ಬರೆದಿರುತ್ತದೆ. ಮನೆಯವರು ಜೊತೆಗೆ ಹೋಗಿ ನಡೆದದ್ದನ್ನು ಹೇಳಿ. "ಇವರು ಕೆಲಸ ಮಾಡಲಾರರು" ಎಂಬ ಒಂದು ಸಾಲಿನ ಸರ್ಟಿಫಿಕೇಟಿಗೆ ಹೆಚ್ಚು ಬೆಲೆಯಿಲ್ಲ. ಮೇಲೆ ಹೇಳಿದ ನಾಲ್ಕು ವಿಷಯಗಳಲ್ಲಿ ಏನು ಕಷ್ಟ, ಎಷ್ಟು ಕಷ್ಟ, ತಿಂಗಳಿಗೆ ಎಷ್ಟು ದಿನ ಕೆಲಸ ತಪ್ಪಬಹುದು ಎಂದು ಬರೆದುಕೊಡುವಂತೆ ಕೇಳಿ.

ಕಾಯಿಲೆಯವರೇ "ನನಗೇನೂ ಆಗಿಲ್ಲ" ಎಂದು ಮಾತ್ರೆ ಬಿಡುವುದುಂಟು. ಅದು ಹಟವಲ್ಲ, ಎಷ್ಟೋ ಸಲ ಕಾಯಿಲೆಯ ಲಕ್ಷಣವೇ. ಬಿಟ್ಟ ಕಾರಣವನ್ನು ವೈದ್ಯರು ದಾಖಲಿಸಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಚಿಕಿತ್ಸೆಗೆ ಸಹಕರಿಸಲಿಲ್ಲ ಎಂದಾಗಬಹುದು. ಭಾರತದಲ್ಲಿ ನಿಮ್ಹಾನ್ಸ್‌ನಲ್ಲೋ ಬೇರೆಲ್ಲೋ ಚಿಕಿತ್ಸೆ ಆಗಿದ್ದರೆ ಆ ಕಾಗದಗಳನ್ನೂ ಕೊಡಿ. ಕಾಯಿಲೆ ಯಾವಾಗಿನಿಂದ ಇದೆ ಎನ್ನಲು ಅವು ಸಾಕ್ಷಿ. ದಾಖಲೆ ಸಾಲದಿದ್ದರೆ ಅವರೇ ಖರ್ಚು ಹಾಕಿ ತಮ್ಮ ವೈದ್ಯರಿಂದ ಪರೀಕ್ಷೆ ಮಾಡಿಸುತ್ತಾರೆ. ಅದನ್ನು ತಪ್ಪಿಸಬೇಡಿ.

ಒಂದು ಗಡುವು ಬಹಳ ಜನರಿಗೆ ಗೊತ್ತಿಲ್ಲ. ಬಿಡದೆ ದುಡಿದವರಿಗೂ ಕೆಲಸ ನಿಂತ ಮೇಲೆ ಸುಮಾರು 5 ವರ್ಷಕ್ಕೆ ಎಸ್‌ಎಸ್‌ಡಿಐ ವಿಮೆಯ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಅಂಗವೈಕಲ್ಯ ಶುರುವಾಗಿತ್ತು ಎಂದು ತೋರಿಸಬೇಕು. "ಸ್ವಲ್ಪ ದಿನ ಊರಲ್ಲಿರಲಿ, ಸರಿಹೋಗುತ್ತಾನೆ" ಎಂದು ಕಳಿಸಿ ಆರು ವರ್ಷದ ಮೇಲೆ, ನಡುವಿನ ದಾಖಲೆ ಇಲ್ಲದೆ, ಅರ್ಜಿ ಹಾಕಿದರೆ ಹದಿನೈದು ವರ್ಷ ಕಟ್ಟಿದ ವಿಮೆಯೂ ಕೈಗೆ ಸಿಗದೆ ಹೋಗಬಹುದು.

'ಇಲ್ಲ' ಎಂದು ಪತ್ರ ಬಂದರೆ

ಮೊದಲ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಬರುವ ಉತ್ತರ 'ಇಲ್ಲ'. ನಮಗೂ ಹಾಗೇ ಬಂತು. ಹೊಸದಾಗಿ ಅರ್ಜಿ ಹಾಕುವುದಕ್ಕಿಂತ ಅಪೀಲು ಮಾಡುವುದೇ ಸಾಮಾನ್ಯವಾಗಿ ಮೇಲು. ಹಳೆಯ ತಾರೀಖು ಉಳಿಯುತ್ತದೆ. ನಾಲ್ಕು ಮೆಟ್ಟಿಲುಗಳಿವೆ: ಮರುಪರಿಶೀಲನೆ, ನ್ಯಾಯಾಧೀಶರ ಮುಂದೆ ವಿಚಾರಣೆ, ಅಪೀಲ್ಸ್ ಕೌನ್ಸಿಲ್, ಕೊನೆಗೆ ಫೆಡರಲ್ ಕೋರ್ಟು. ಪ್ರತಿ ಮೆಟ್ಟಿಲಿಗೂ ಪತ್ರ ತಲುಪಿದ ಮೇಲೆ 60 ದಿನದ ಗಡುವು. ಪತ್ರದ ತಾರೀಖಿನಿಂದ 5 ದಿನದಲ್ಲಿ ತಲುಪಿತು ಎಂದು ಅವರ ಲೆಕ್ಕ.

ವಿಚಾರಣೆಗೆ ವಕೀಲರನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಸಾಮಾನ್ಯವಾಗಿ ಗೆದ್ದರೆ ಮಾತ್ರ ಫೀಸು: ಬಾಕಿ ಹಣದ ಶೇ. 25, ಅದೂ 2024ರ ನವೆಂಬರ್ 30ರಿಂದ 9,200 ಡಾಲರ್ ಮಿತಿಯೊಳಗೆ. ನಮ್ಮ ವಿಚಾರಣೆ 2018ರಲ್ಲಿ ನಡೆಯಿತು. ಕೋರ್ಟು ಎಂದು ತಮ್ಮ ಹೆದರಿದ್ದ. ಅದು ಒಂದು ಸಣ್ಣ ಕೋಣೆ, ಒಂದು ಮೇಜು, ಮುಕ್ಕಾಲು ಗಂಟೆ. ಎದುರು ಪಕ್ಷದ ವಕೀಲರಿಲ್ಲ, ಸಾರ್ವಜನಿಕರಿಲ್ಲ. ನ್ಯಾಯಾಧೀಶರು ನನ್ನನ್ನೂ ಕೇಳಿದರು. ಫಾರಂನಲ್ಲಿ ಬರೆದದ್ದನ್ನೇ ಹೇಳಿದೆ. ವೈದ್ಯರ ವಿವರವಾದ ಪತ್ರವೂ ಅಷ್ಟರಲ್ಲಿ ಸೇರಿತ್ತು. ಕೆಲವು ವಾರದ ಮೇಲೆ ಒಪ್ಪಿಗೆ ಬಂತು.

ಒಪ್ಪಿಗೆಯಾದ ಮೇಲೆ

ಎಸ್‌ಎಸ್‌ಡಿಐಯಲ್ಲಿ ಮೊದಲ 5 ಪೂರ್ತಿ ತಿಂಗಳಿಗೆ ಹಣವಿಲ್ಲ. ತಮ್ಮನದು 2015ರ ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾದ್ದರಿಂದ ಅಕ್ಟೋಬರಿನಿಂದ ಫೆಬ್ರವರಿವರೆಗೆ ಕಳೆದು 2016ರ ಮಾರ್ಚಿನಿಂದ ಲೆಕ್ಕ ಹಾಕಿದರು. ಬಾಕಿ ಒಟ್ಟಿಗೆ ಬಂತು. ಅಲ್ಲಿಂದ 24 ತಿಂಗಳು ಕಳೆದರೆ, ವಯಸ್ಸು 65 ಆಗದಿದ್ದರೂ, ಮೆಡಿಕೇರ್. ಮಾತ್ರೆಗೂ ಮನೋವೈದ್ಯರಿಗೂ ಆಗುವ ಖರ್ಚು ನೋಡಿದವರಿಗೆ ಇದರ ಬೆಲೆ ಗೊತ್ತು. ಅರ್ಜಿ ತಡವಾದರೆ ಹಿಂದಿನ ಬಾಕಿ ಅರ್ಜಿಯ ತಿಂಗಳಿಂದ ಹಿಂದಕ್ಕೆ 12 ತಿಂಗಳಿಗೆ ಮಾತ್ರ. ಎಸ್‌ಎಸ್‌ಐಗೆ ಹಿಂದಿನ ಬಾಕಿಯೇ ಇಲ್ಲ. ಆದ್ದರಿಂದ ತಡ ಮಾಡಬೇಡಿ.

ಹಣ ನೋಡಿಕೊಳ್ಳಲಾಗದವರ ಪರವಾಗಿ ಮನೆಯವರೊಬ್ಬರನ್ನು ಪ್ರತಿನಿಧಿಯಾಗಿ ನೇಮಿಸುತ್ತಾರೆ. ಆ ಹಣ ಅವರಿಗೇ ಖರ್ಚಾಗಬೇಕು, ಲೆಕ್ಕ ಇಡಬೇಕು. ಎಸ್‌ಎಸ್‌ಐ ಪಡೆಯುವವರು 30 ದಿನ ಅಥವಾ ಹೆಚ್ಚು ದೇಶದ ಹೊರಗಿದ್ದರೆ ಹಣ ನಿಲ್ಲುತ್ತದೆ. ಊರಿಗೆ ಟಿಕೆಟ್ ತೆಗೆಯುವ ಮುಂಚೆ ಇದನ್ನು ನೆನಪಿಡಿ. ಎಸ್‌ಎಸ್‌ಡಿಐಗೆ ನಿಯಮ ಬೇರೆ, ಹೋಗುವ ಮುನ್ನ ಕಚೇರಿಯಲ್ಲಿ ಕೇಳಿ.

ಮತ್ತೆ ಕೆಲಸಕ್ಕೆ ಹೋಗಬಾರದೆಂದೇನೂ ಇಲ್ಲ. ಎಸ್‌ಎಸ್‌ಡಿಐಯವರು 60 ತಿಂಗಳ ಅವಧಿಯಲ್ಲಿ 9 ತಿಂಗಳು ಎಷ್ಟು ದುಡಿದರೂ ಸೌಲಭ್ಯ ನಿಲ್ಲದಂತೆ ಪ್ರಯತ್ನ ಮಾಡಿ ನೋಡಬಹುದು. 2025ರಲ್ಲಿ 1,160 ಡಾಲರ್ ದಾಟಿದ ತಿಂಗಳು ಈ ಲೆಕ್ಕಕ್ಕೆ ಸೇರುತ್ತದೆ. ದುಡಿಮೆಯಿಂದ ನಿಂತುಹೋದ ಮೇಲೂ 5 ವರ್ಷದೊಳಗೆ ಅದೇ ಕಾಯಿಲೆ ಮರುಕಳಿಸಿದರೆ ಹೊಸ ಅರ್ಜಿಯಿಲ್ಲದೆ ಮತ್ತೆ ಕೇಳಬಹುದು. ತಮ್ಮ ಈಗ ವಾರಕ್ಕೆ ಎರಡು ಬೆಳಿಗ್ಗೆ ಊರಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಾನೆ. ಪ್ರತಿ ತಿಂಗಳ ಗಳಿಕೆಯನ್ನು ತಿಳಿಸುತ್ತೇವೆ, ತಿಳಿಸುವುದು ಕಡ್ಡಾಯ.

ಕೊನೆಗೆ, ಗುಟ್ಟಿನ ವಿಷಯ

"ಹೊರಗೆ ಗೊತ್ತಾಗುತ್ತದೆಯೇ?" ಎಂದು ಎಲ್ಲರೂ ಕೇಳುತ್ತಾರೆ. ಈ ಫೈಲುಗಳಿಗೆ 1974ರ ಖಾಸಗಿತನ ಕಾಯಿದೆಯ ರಕ್ಷಣೆ ಇದೆ. ದೇವಸ್ಥಾನದವರಿಗೋ ಕೂಟದವರಿಗೋ ನೆಂಟರಿಗೋ ಅದು ಸಿಗುವುದಿಲ್ಲ. ನೀವಾಗಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊರಗಿನವರಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ. ವೈದ್ಯರಿಗೆ ಮತ್ತು ಆ ಫಾರಂಗೆ ಮಾತ್ರ ಏನನ್ನೂ ಮುಚ್ಚಿಡಬೇಡಿ.

ಅರ್ಜಿ ಕಾಯುವ ತಿಂಗಳುಗಳು ಕಾಯಿಲೆಯವರಿಗೂ ಮನೆಯವರಿಗೂ ಭಾರವೇ. ಜೀವದ ಮೇಲೆ ಆಸೆ ಬಿಟ್ಟ ಮಾತು ಬಂದರೆ ಅರ್ಜಿ ಗಿರ್ಜಿ ಎಲ್ಲ ಪಕ್ಕಕ್ಕಿಟ್ಟು 988ಕ್ಕೆ ಫೋನ್ ಮಾಡಿ. 2022ರ ಜುಲೈನಿಂದ ಅಮೆರಿಕಾದಲ್ಲೆಲ್ಲಾ ಹಗಲು ರಾತ್ರಿ ಸಿಗುವ ಸಹಾಯವಾಣಿ ಅದು.

ಫಾರಂ ತುಂಬಲು ಜೊತೆಗೆ ಕೂರುವವರು ಬೇಕೆನಿಸಿದರೆ ಈ ಇ-ಪತ್ರಕ್ಕೆ ಉತ್ತರಿಸಿ, ಸಂಪಾದಕರು ನನಗೆ ತಲುಪಿಸುತ್ತಾರೆ. ಪಾರ್ಕಿಂಗ್ ಲಾಟಿನಲ್ಲಿ ನಿಂತು ಕೇಳಿದರೂ ಸರಿ, ಹೇಳುತ್ತೇನೆ. ಆದರೆ ಈ ಫಾರಂಗೆ ಎರಡು ಮೂರು ಗಂಟೆ ಬೇಕು, ಮನೆಗೇ ಬನ್ನಿ, ಕಾಫಿ ಕುಡಿಯುತ್ತಾ ತುಂಬೋಣ.

ಎಲ್ಲರಿಗೂ ಒಳ್ಳೆಯದಾಗಲಿ.